ಕೆಡುವ ಮೊದಲು ಲಾರಿ ನೋಟಿಸ್ ಕೊಡುತ್ತದೆ

ಓಡುತ್ತಿದ್ದ ಲಾರಿಯ ಚಕ್ರ ಕಳಚಿ ಉರುಳಿಹೋದರೆ "ಏಕಾಏಕಿ ಹೀಗಾಯ್ತು" ಎನ್ನುತ್ತೇವೆ. ಆ ಚಕ್ರದ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ. ಕೆಲವು ವಾರಗಳ ಹಿಂದೆ ಹಬ್‌ನ (ಚಕ್ರದ ನಡುಭಾಗದ) ಆಯಿಲ್ ಸೀಲ್, ಅಂದರೆ ಆಯಿಲ್ ಹೊರಬರದಂತೆ ತಡೆಯುವ ಬಳೆ, ಸವೆದಿತ್ತು. ಚಕ್ರದ ಒಳಮಗ್ಗುಲಲ್ಲಿ ಆಯಿಲ್ ಜಿನುಗಿ, ಅದಕ್ಕೆ ಧೂಳು ಅಂಟಿ, ಕಪ್ಪಗೆ ಒಂದು ಗೆರೆ ಮೂಡಿತ್ತು. ಆಯಿಲ್ ಇಳಿದಂತೆ ಬೇರಿಂಗ್ ಬಿಸಿಯಾಗತೊಡಗಿತು. ಲಾರಿ ನಿಂತಾಗ ಯಾರಾದರೂ ಹಬ್ ಹತ್ತಿರ ಕೈ ಹಿಡಿದಿದ್ದರೆ, ಉಳಿದವುಗಳಿಗಿಂತ ಇದು ಜಾಸ್ತಿ ಬಿಸಿ ಇದೆ ಎಂದು ಗೊತ್ತಾಗುತ್ತಿತ್ತು. ಆಮೇಲೆ ಗುಂಯ್ ಎನ್ನುವ ಸದ್ದು ಶುರುವಾಯಿತು. ಆಮೇಲೆ ಚಕ್ರ ಅಲುಗಾಡತೊಡಗಿತು. ಕೊನೆಗೆ ಬೇರಿಂಗ್ ಸುಟ್ಟು ಚಕ್ರ ಬಿಟ್ಟುಕೊಂಡಿತು. ಏಕಾಏಕಿ ಆದದ್ದು ಆ ಕೊನೆಯ ಕೆಲವು ನಿಮಿಷ ಮಾತ್ರ. ಅದಕ್ಕೂ ಮೊದಲು ಲಾರಿ ನಾಲ್ಕು ಸಲ ಹೇಳಿತ್ತು.

ದೂರ ಓಡುವ ಡೀಸೆಲ್ ಲಾರಿಯ ಮುನ್ನೆಚ್ಚರಿಕೆಯ ನಿರ್ವಹಣೆ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು "ಇಷ್ಟು ಕಿಲೋಮೀಟರ್‌ಗೆ ಆಯಿಲ್, ಇಷ್ಟಕ್ಕೆ ಫಿಲ್ಟರ್" ಎಂಬ ಪಟ್ಟಿ. ಪಟ್ಟಿ ಬೇಕು, ಸರಿ. ಆದರೆ ಆ ಪಟ್ಟಿಯ ಹಿಂದಿರುವ ಲೆಕ್ಕ ಗೊತ್ತಿಲ್ಲದಿದ್ದರೆ ಎಲ್ಲಿ ಕಣ್ಣಿಡಬೇಕು, ಎಷ್ಟು ದಿನಕ್ಕೊಮ್ಮೆ ಇಡಬೇಕು ಎನ್ನುವುದು ತಿಳಿಯುವುದಿಲ್ಲ. ಆ ಲೆಕ್ಕ ಸರಳವಾಗಿದೆ. ಒಂದು ಭಾಗ ಕೆಡುತ್ತಿದೆ ಎಂಬ ಮೊದಲ ಗುರುತು ಕಾಣುವ ದಿನ ಒಂದು. ಅದು ಪೂರ್ತಿ ಕೈಕೊಡುವ ದಿನ ಇನ್ನೊಂದು. ಈ ಎರಡರ ನಡುವಿನ ಕಾಲವನ್ನು ನಾನು ನೋಟಿಸ್ ಅವಧಿ ಎಂದು ಕರೆಯುತ್ತೇನೆ. ತಪಾಸಣೆ ಈ ಅವಧಿಯೊಳಗೆ ಕನಿಷ್ಠ ಎರಡು ಸಲವಾದರೂ ಬೀಳಬೇಕು. ಒಮ್ಮೆ ಕಣ್ಣು ತಪ್ಪಿದರೂ ಇನ್ನೊಮ್ಮೆ ಸಿಗುತ್ತದೆ. ಟೈರ್‌ನ ನೋಟಿಸ್ ಕೆಲವೊಮ್ಮೆ ಒಂದೇ ದಿನದ್ದು. ಎಂಜಿನ್ ಆಯಿಲ್‌ನದು ವಾರಗಳದ್ದು. ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್‌ನದು ತಿಂಗಳುಗಳದ್ದು. ಹಾಗಾಗಿ ಟೈರ್ ಅನ್ನು ದಿನವೂ ನೋಡುತ್ತೇವೆ, ಕೂಲೆಂಟನ್ನು ತಿಂಗಳಿಗೋ ಸರ್ವಿಸ್‌ಗೋ ಒಮ್ಮೆ ಪರೀಕ್ಷಿಸುತ್ತೇವೆ.

ಈ ಯೋಚನೆ ಬಲವಾಗಿ ಬೆಳೆದದ್ದು ವಿಮಾನಗಳ ಲೋಕದಲ್ಲಿ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಸ್ಟಾನ್ಲಿ ನೌಲನ್ ಮತ್ತು ಹೊವಾರ್ಡ್ ಹೀಪ್ ಬರೆದ ವರದಿಯಲ್ಲಿ, ಅವರು ಪರಿಶೀಲಿಸಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸಂಭವ ಸ್ಪಷ್ಟವಾಗಿ ಹೆಚ್ಚುವಂಥವು ಸುಮಾರು 11 ಶೇಕಡಾ ಮಾತ್ರ ಎಂದು ಕಂಡಿತು. ಉಳಿದವನ್ನು ಇಷ್ಟು ಗಂಟೆಯಾಯಿತು ಎಂದು ಕಣ್ಣುಮುಚ್ಚಿ ಬದಲಾಯಿಸುವುದರಿಂದ ಲಾಭವಿರಲಿಲ್ಲ. ಲಾರಿಗೆ ಇದೇ ಅಂಕಿಯನ್ನು ಹಚ್ಚಲು ಆಗುವುದಿಲ್ಲ. ಲಾರಿಯಲ್ಲಿ ಸವೆಯುವ ವಸ್ತುಗಳು ಜಾಸ್ತಿ: ಬ್ರೇಕ್ ಲೈನರ್, ಟೈರ್, ಆಯಿಲ್, ಫಿಲ್ಟರ್, ಬೆಲ್ಟ್. ಇವನ್ನು ಅವಧಿ ಅಥವಾ ಸವೆತದ ಅಳತೆ ನೋಡಿ ಬದಲಾಯಿಸುವುದೇ ಸರಿ. ಆದರೆ ಬೇರಿಂಗ್, ಸೀಲ್, ಹೋಸ್, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ), ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ) ಇವುಗಳಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಇವನ್ನು ಗುರುತು ನೋಡಿಯೇ ಹಿಡಿಯಬೇಕು.

ದಿನದ ನೋಟಿಸ್: ಟೈರ್, ನಟ್ಟು, ಬ್ರೇಕ್

ಟೈರ್‌ನಿಂದ ಶುರು ಮಾಡೋಣ. ಟೈರ್‌ಗೆ ಭಾರ ಹೊರುವ ಶಕ್ತಿ ಕೊಡುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಗಾಳಿ ಕಡಿಮೆಯಾದರೆ ಪ್ರತಿ ಸುತ್ತಿನಲ್ಲೂ ಟೈರ್‌ನ ಪಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಬಿಸಿಯಾಗಿ ಕೊನೆಗೆ ಮುರಿಯುತ್ತದಲ್ವಾ, ಟೈರ್‌ನೊಳಗಿನ ಉಕ್ಕಿನ ಎಳೆಗಳಿಗೂ ಅದೇ ಗತಿ. ಬಿಸಿಗೆ ರಬ್ಬರ್ ಮತ್ತು ಉಕ್ಕಿನ ಪದರಗಳ ನಡುವಿನ ಅಂಟು ಸಡಿಲವಾಗುತ್ತದೆ, ಪದರ ಕಿತ್ತುಬರುತ್ತದೆ. ರಸ್ತೆ ಬದಿಯಲ್ಲಿ ಬಿದ್ದಿರುವ ಉದ್ದುದ್ದ ರಬ್ಬರ್ ಪಟ್ಟಿಗಳನ್ನು ಕಂಡಾಗ "ರೀಟ್ರೆಡ್ ಸರಿಯಿರಲಿಲ್ಲ" ಎನ್ನುವುದು ರೂಢಿ (ರೀಟ್ರೆಡ್ ಎಂದರೆ ಸವೆದ ಟೈರ್‌ಗೆ ಹೊಸ ರಬ್ಬರ್ ಪದರ ಅಂಟಿಸುವುದು). ಬಹಳ ಸಲ ತಪ್ಪು ರೀಟ್ರೆಡ್‌ನದಲ್ಲ, ಕಡಿಮೆ ಗಾಳಿಯದು.

ಗಾಳಿಯನ್ನು ಗೇಜ್ ಹಾಕಿಯೇ ಅಳೆಯಬೇಕು. ಸುತ್ತಿಗೆಯಲ್ಲಿ ತಟ್ಟಿ ನೋಡಿದರೆ ಪೂರ್ತಿ ಇಳಿದ ಟೈರ್ ಗೊತ್ತಾಗುತ್ತದೆ, ಕಾಲು ಭಾಗ ಇಳಿದದ್ದು ಗೊತ್ತಾಗುವುದಿಲ್ಲ. ಅಳೆಯುವುದು ಓಟಕ್ಕೆ ಮೊದಲು, ಟೈರ್ ತಣ್ಣಗಿರುವಾಗ. ಓಡಿದ ಮೇಲೆ ಬಿಸಿಗೆ ಒತ್ತಡ ಏರುವುದು ಸಹಜ. ಆಗ "ಜಾಸ್ತಿ ಆಯ್ತು" ಎಂದು ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಟೈರ್ ಕಡಿಮೆ ಗಾಳಿಯದಾಗಿರುತ್ತದೆ. ಜೋಡಿ ಟೈರ್‌ಗಳಲ್ಲಿ ಒಳಗಿನದನ್ನು ಅಳೆಯಲು ಕಷ್ಟ, ಅದಕ್ಕೇ ಅದು ಮರೆತುಹೋಗುತ್ತದೆ. ಒಳಗಿನದು ಇಳಿದರೆ ಹೊರಗಿನದು ಎರಡರ ಭಾರವನ್ನೂ ಹೊರುತ್ತದೆ, ಎರಡೂ ಹಾಳಾಗುತ್ತವೆ. ವಾಲ್ವ್‌ಗೆ ಉದ್ದನೆಯ ಕೊಳವೆ ಹಾಕಿಸಿದರೆ ಈ ತೊಂದರೆ ಮುಗಿಯುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿ ಇಳಿದ ಮೇಲೂ ಓಡಿದ ಟೈರ್‌ಗೆ ಸುಮ್ನೆ ಗಾಳಿ ತುಂಬಿ ಮುಂದೆ ಹೋಗಬಾರದು. ಅದರ ಪಕ್ಕೆಯ ಉಕ್ಕಿನ ಎಳೆಗಳು ಒಳಗೊಳಗೇ ಮುರಿದಿರಬಹುದು. ಗಾಳಿ ತುಂಬುವಾಗಲೇ ಜಿಪ್ ಬಿಚ್ಚಿದ ಹಾಗೆ ಪಕ್ಕೆ ಸಿಡಿದು ಎದುರಿಗಿದ್ದವರ ಪ್ರಾಣ ಹೋಗಬಹುದು. ಅದನ್ನು ಬಿಚ್ಚಿ ಒಳಗೆ ನೋಡಿಸಬೇಕು. ತುಂಬುವಾಗ ಕಬ್ಬಿಣದ ಪಂಜರದೊಳಗಿಟ್ಟು, ದೂರ ನಿಂತು ತುಂಬಬೇಕು.

ಟೈರ್ ಸವೆದಿರುವ ರೀತಿಯನ್ನೂ ಓದಲು ಬರುತ್ತದೆ. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಬೇಕು. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್ ಅಥವಾ ಚಕ್ರದ ಬ್ಯಾಲೆನ್ಸ್ ಕಡೆ ನೋಡಬೇಕು. ಹೊಸ ಟೈರ್ ಹಾಕಿ ಕಾರಣವನ್ನು ಹಾಗೇ ಬಿಟ್ಟರೆ ಹೊಸದೂ ಅದೇ ರೀತಿ ಸವೆಯುತ್ತದೆ.

ಚಕ್ರದ ನಟ್ಟಿನ ಸುತ್ತ ತುಕ್ಕಿನ ಗೆರೆ ಕಿರಣದಂತೆ ಹರಡಿದ್ದರೆ ಆ ನಟ್ಟು ಸಡಿಲವಾಗಿ ಅಲುಗುತ್ತಿದೆ ಎಂದು ಅರ್ಥ. ಚಕ್ರ ಬಿಚ್ಚಿ ಹಾಕಿದ ಮೇಲೆ 80ರಿಂದ 160 ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಮತ್ತೆ ಬಿಗಿ ಮಾಡಬೇಕು. ಬಣ್ಣ, ತುಕ್ಕು, ಕೊಳೆಯ ತೆಳು ಪದರ ಒತ್ತಿಹೋಗಿ ಬಿಗಿತ ಸ್ವಲ್ಪ ಇಳಿದಿರುತ್ತದೆ. ಈ ಎರಡನೇ ಬಿಗಿತವನ್ನು ಬಿಡುವವರೇ ಹೆಚ್ಚು.

ಈಗ ಏರ್ ಬ್ರೇಕ್. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಇದು ಕೊಡುವ ನೋಟಿಸ್ ಪೆಡಲ್‌ನಲ್ಲಿ ಗೊತ್ತಾಗುವುದಿಲ್ಲ. ಕಾರಿನ ಬ್ರೇಕ್ ಕೆಡುವಾಗ ಪೆಡಲ್ ಮೆತ್ತಗಾಗುತ್ತದೆ. ಏರ್ ಬ್ರೇಕ್‌ನ ಪೆಡಲ್ ಒಂದು ವಾಲ್ವ್ ಅಷ್ಟೇ. ಚಕ್ರದಲ್ಲಿ ಲೈನರ್ ಸವೆದು ಡ್ರಮ್ ದೂರವಾಗಿದ್ದರೂ ಕಾಲಿಗೆ ಅದು ಮೊದಲಿನ ಹಾಗೇ ಇರುತ್ತದೆ.

ಒಳಗೆ ನಡೆಯುವುದು ಹೀಗೆ. ಗಾಳಿ ಬ್ರೇಕ್ ಚೇಂಬರ್‌ನ ಡಯಾಫ್ರಮ್ ಎಂಬ ರಬ್ಬರ್ ಪರದೆಯನ್ನು ತಳ್ಳುತ್ತದೆ. ಅದು ಪುಶ್‌ರಾಡ್ ಎಂಬ ಸರಳನ್ನು ತಳ್ಳುತ್ತದೆ. ಪುಶ್‌ರಾಡ್ ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸಿ, ಆ ತೋಳು ಕ್ಯಾಮ್ ಅನ್ನು ತಿರುಗಿಸಿ, ಲೈನರ್ ಡ್ರಮ್‌ಗೆ ಒತ್ತುತ್ತದೆ. ಪುಶ್‌ರಾಡ್ ಹೊರಬರುವ ದೂರಕ್ಕೆ ಒಂದು ಮಿತಿ ಇದೆ, ಕೆಲವೇ ಸೆಂಟಿಮೀಟರ್. ಮಟ್ಟಸ ರಸ್ತೆಯಲ್ಲಿ ಆ ಮಿತಿಯ ಹತ್ತಿರ ಬಂದಿರುವ ಬ್ರೇಕ್ ಕೂಡ ಕೆಲಸ ಮಾಡುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗುತ್ತದೆ. ಲೈನರ್‌ನಿಂದ ಅದು ಇನ್ನಷ್ಟು ದೂರ ಸರಿಯುತ್ತದೆ. ಆಗ ಪುಶ್‌ರಾಡ್ ಚೇಂಬರ್‌ನ ತುದಿ ಮುಟ್ಟಿ ನಿಲ್ಲುತ್ತದೆ, ಒತ್ತುವ ಬಲ ಡ್ರಮ್‌ಗೆ ತಲುಪುವುದಿಲ್ಲ. ಬೆಳಿಗ್ಗೆ ಸರಿಯಿದ್ದ ಬ್ರೇಕ್ ಮಧ್ಯಾಹ್ನ ಇಳಿಜಾರಿನಲ್ಲಿ ಇಲ್ಲವಾಗುವುದು ಹೀಗೆ. ಇದನ್ನು ಮೊದಲೇ ಹಿಡಿಯುವ ದಾರಿ ಪುಶ್‌ರಾಡ್‌ನ ಓಟವನ್ನು ಅಳತೆಪಟ್ಟಿ ಹಿಡಿದು ಅಳೆಯುವುದು. ಲಾರಿ ಜರುಗದಂತೆ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಒಬ್ಬರು ಪೆಡಲ್ ಒತ್ತಿ ಹಿಡಿದರೆ ಇನ್ನೊಬ್ಬರು ಅಳೆಯಬಹುದು. ಒಂದೇ ಆಕ್ಸಲ್‌ನ ಎಡ ಬಲ ಅಳತೆಗಳಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಅದೂ ನೋಟಿಸ್.

ಈಗಿನ ಲಾರಿಗಳಲ್ಲಿ ಸ್ಲ್ಯಾಕ್ ಅಡ್ಜಸ್ಟರ್ ತಾನೇ ಹೊಂದಿಕೊಳ್ಳುತ್ತದೆ. ಆದರೂ ಓಟ ಮಿತಿ ಮೀರಿದ್ದರೆ, ಪಾನಾ ಹಾಕಿ ತಿರುಗಿಸಿ ಸರಿ ಮಾಡಿಬಿಡುವುದು ಅಪಾಯ. ತಾನೇ ಹೊಂದಿಕೊಳ್ಳಬೇಕಾದದ್ದು ಹೊಂದಿಕೊಳ್ಳಲಿಲ್ಲ ಎಂದರೆ ಅಡ್ಜಸ್ಟರ್ ಕೆಟ್ಟಿದೆ, ಇಲ್ಲವೇ ಪಿನ್ನು, ಬುಷ್ಷು, ಕ್ಯಾಮ್ ಸವೆದಿವೆ. ಕೈಯಿಂದ ಬಿಗಿ ಮಾಡಿದರೆ ಅಳತೆ ಅಂದು ಸರಿಬರುತ್ತದೆ. ಕೆಲವೇ ದಿನಗಳಲ್ಲಿ ಮತ್ತೆ ಜಾರುತ್ತದೆ, ಆದರೆ ಪುಸ್ತಕದಲ್ಲಿ "ಸರಿಪಡಿಸಿದೆ" ಎಂದಿರುತ್ತದೆ.

ಗಾಳಿಯ ಟ್ಯಾಂಕ್‌ಗಳು ತಪಾಸಣೆಗೆ ಒಳ್ಳೆಯ ಕಿಟಕಿ. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿನ ತೇವ ನೀರಾಗುತ್ತದೆ. ಆ ನೀರನ್ನು ಹೀರಲು ಏರ್ ಡ್ರೈಯರ್‌ನಲ್ಲಿ ಹರಳುಗಳ ಕಾರ್ಟ್ರಿಜ್ ಇರುತ್ತದೆ. ಟ್ಯಾಂಕ್‌ನ ಕೆಳಗಿನ ಡ್ರೈನ್ ತೆರೆದಾಗ ಬರೀ ಗಾಳಿ ಬಂದರೆ ಒಳ್ಳೆಯದು. ನೀರು ಬಂದರೆ ಕಾರ್ಟ್ರಿಜ್‌ನ ಕೆಲಸ ಮುಗಿದಿದೆ. ಆಯಿಲ್ ಬೆರೆತ ಕಪ್ಪು ನೀರು ಬಂದರೆ ಕಂಪ್ರೆಸರ್ ಕಡೆ ನೋಡಬೇಕು, ಅದರ ರಿಂಗ್ ಸವೆದು ಆಯಿಲ್ ಮೇಲೆ ಬರುತ್ತಿದೆ. ಚಳಿ ಪ್ರದೇಶದಲ್ಲಿ ಈ ನೀರೇ ವಾಲ್ವ್‌ನೊಳಗೆ ಹೆಪ್ಪುಗಟ್ಟುತ್ತದೆ. ಎಂಜಿನ್ ಆಫ್ ಮಾಡಿ, ಪೆಡಲ್ ಒತ್ತಿ ಹಿಡಿದು ಒಂದು ನಿಮಿಷ ಗೇಜ್ ನೋಡಿದರೆ ಸೋರಿಕೆಯೂ ಗೊತ್ತಾಗುತ್ತದೆ. ಸುತ್ತ ಮೌನವಿದ್ದರೆ ಕಿವಿಯೇ ಸಾಕು.

ಪಾರ್ಕಿಂಗ್ ಬ್ರೇಕ್ ಇರುವ ಚೇಂಬರ್‌ನೊಳಗೆ ಬಲವಾದ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಗಾಳಿ ಹೋದರೆ ಬ್ರೇಕ್ ತಾನೇ ಹಿಡಿಯುವುದು ಅದರಿಂದಲೇ. ಆ ಚೇಂಬರ್ ಅನ್ನು ತಿಳಿಯದವರು ಬಿಚ್ಚಲೇಬಾರದು. ಸ್ಪ್ರಿಂಗ್ ಹಾರಿದರೆ ಬದುಕುವುದು ಕಷ್ಟ.

ವಾರಗಳ ನೋಟಿಸ್: ಆಯಿಲ್ ಹೇಳುವ ಸುದ್ದಿ

ಡೀಸೆಲ್ ಎಂಜಿನ್‌ನ ಆಯಿಲ್ ಕಪ್ಪಾಗಿದೆ ಎಂದು ಗಾಬರಿಯಾಗುವವರಿದ್ದಾರೆ. ಹೊಸ ಆಯಿಲ್ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಅದು ಕಪ್ಪಾಗುವುದು ಸಹಜ. ಉರಿಯುವಾಗ ಹುಟ್ಟುವ ಮಸಿಯ ಕಣಗಳನ್ನು ಒಂದಕ್ಕೊಂದು ಅಂಟದಂತೆ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸಗಳಲ್ಲೊಂದು. ಕಪ್ಪಾಗಿದೆ ಎಂದರೆ ಆ ಕೆಲಸ ನಡೆಯುತ್ತಿದೆ. ತೊಂದರೆ ಶುರುವಾಗುವುದು ಅದರ ಹಿಡಿದಿಡುವ ಶಕ್ತಿ ಮುಗಿದಾಗ. ಆಗ ಮಸಿ ಗುಡ್ಡೆಗಟ್ಟಿ ಆಯಿಲ್ ದಪ್ಪವಾಗುತ್ತದೆ, ಕ್ಯಾಮ್ ಮತ್ತು ವಾಲ್ವ್‌ಗಳ ಮೇಲೆ ಮರಳುಕಾಗದದಂತೆ ಉಜ್ಜುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ಕಪ್ಪಿನಲ್ಲಿ ಒಳ್ಳೆಯ ಕಪ್ಪು, ಕೆಟ್ಟ ಕಪ್ಪು ಎಂದು ಕಣ್ಣು ಹೇಳಲಾರದು.

ಹೇಳುವುದು ಆಯಿಲ್ ಪರೀಕ್ಷೆ. ದೊಡ್ಡ ಲಾರಿಯ ಎಂಜಿನ್‌ನಲ್ಲಿ ಸುಮಾರು 30ರಿಂದ 40 ಲೀಟರ್ ಆಯಿಲ್ ಇರುತ್ತದೆ. ಅದರಲ್ಲಿ ಒಂದು ಸಣ್ಣ ಶೀಶೆಯಷ್ಟನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಮನುಷ್ಯನ ರಕ್ತಪರೀಕ್ಷೆಯ ಹಾಗೆ ಒಳಗಿನ ಸ್ಥಿತಿ ಹೊರಬರುತ್ತದೆ. ಸಿಲಿಕಾನ್ ಏರಿದ್ದರೆ ಧೂಳು ಒಳಗೆ ಹೋಗುತ್ತಿದೆ, ಏರ್ ಫಿಲ್ಟರ್ ಅಥವಾ ಅದರ ಹೋಸ್ ನೋಡಬೇಕು. ಕಬ್ಬಿಣ ಏರಿದ್ದರೆ ಸಿಲಿಂಡರ್ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಅಥವಾ ಗೇರ್ ಸವೆಯುತ್ತಿದೆ. ಅಲ್ಯೂಮಿನಿಯಂ ಪಿಸ್ಟನ್ ಕಡೆ ಬೊಟ್ಟು ಮಾಡುತ್ತದೆ, ಸೀಸ ಮತ್ತು ತಾಮ್ರ ಬೇರಿಂಗ್ ಕಡೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಒಂದೇ ಸಲದ ಅಂಕಿಗಿಂತ ಮೂರು ನಾಲ್ಕು ಸಲದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಸ್ಪಷ್ಟವಾಗುತ್ತದೆ. ಹಾಗಾಗಿ ಮಾದರಿಯನ್ನು ಪ್ರತಿ ಸಲ ಎಂಜಿನ್ ಬಿಸಿ ಇರುವಾಗ, ಒಂದೇ ಜಾಗದಿಂದ ತೆಗೆಯಬೇಕು. ಡ್ರೈನ್ ಬೋಲ್ಟ್ ಬಿಚ್ಚಿದಾಗ ಮೊದಲು ಸುರಿಯುವುದನ್ನು ಹಿಡಿಯಬಾರದು, ತಳದ ಕೊಳೆ ಅದರಲ್ಲೇ ಬರುತ್ತದೆ. ನಡುವೆ ಹರಿಯುವುದನ್ನು ಹಿಡಿಯಬೇಕು. ಎಂಜಿನ್ ಬಿಚ್ಚದೆ ಅದರ ಹೊಟ್ಟೆಯೊಳಗೆ ನೋಡಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಡಿಪ್‌ಸ್ಟಿಕ್ ಕೂಡ ಮಾತಾಡುತ್ತದೆ. ಆಯಿಲ್ ಇಳಿದರೆ ಎಲ್ಲರಿಗೂ ಎಚ್ಚರವಾಗುತ್ತದೆ. ಆಯಿಲ್ ಏರಿದರೆ "ಒಳ್ಳೆಯದೇ ಆಯ್ತು" ಎಂದು ಬಿಡುತ್ತಾರೆ. ಹಾಕದೆ ಆಯಿಲ್ ಏರಿದೆ ಎಂದರೆ ಡೀಸೆಲ್ ಅಥವಾ ಕೂಲೆಂಟ್ ಬೆರೆಯುತ್ತಿದೆ. ಡೀಸೆಲ್ ಬೆರೆತರೆ ಆಯಿಲ್ ನೀರಾಗಿ ಬೇರಿಂಗ್ ಒಣಗುತ್ತದೆ. ಕೂಲೆಂಟ್ ಬೆರೆತರೆ ಹಾಲು ಕಲಸಿದಂತೆ ಮಸುಕಾಗುತ್ತದೆ. ಎರಡರಲ್ಲಿ ಯಾವುದೇ ಆದರೂ ಲಾರಿ ಮುಂದೆ ಓಡಬಾರದು.

ಟರ್ಬೊ ಬದುಕುವುದೂ ಇದೇ ಆಯಿಲ್‌ನಿಂದ. ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷದ ಆಸುಪಾಸಿನ ಸುತ್ತು ತಿರುಗುತ್ತದೆ, ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಾ. ಏರು ಹತ್ತಿ ಬಂದು ತಕ್ಷಣ ಎಂಜಿನ್ ಆಫ್ ಮಾಡಿದರೆ ಆಯಿಲ್ ನಿಲ್ಲುತ್ತದೆ, ಬಿಸಿ ನಿಲ್ಲುವುದಿಲ್ಲ. ಬೇರಿಂಗ್‌ನಲ್ಲಿ ಉಳಿದ ಆಯಿಲ್ ಸುಟ್ಟು ಕರಿಯಾಗುತ್ತದೆ. ಮೂರರಿಂದ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿದರೆ ಸಾಕು.

ತಿಂಗಳುಗಳ ನೋಟಿಸ್: ಕೂಲೆಂಟ್

ರೇಡಿಯೇಟರ್‌ಗೆ ನೀರು ಸಾಕು ಎನ್ನುವ ನಂಬಿಕೆ ಹಳೆಯದು, ದುಬಾರಿಯದೂ ಹೌದು. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಲೈನರ್‌ನ ಹೊರಮೈಗೆ ಕೂಲೆಂಟ್ ನೇರವಾಗಿ ತಾಗುತ್ತದೆ. ಪ್ರತಿ ಸಲ ಇಂಧನ ಉರಿದಾಗ ಪಿಸ್ಟನ್ ಲೈನರ್‌ಗೆ ಬಡಿಯುತ್ತದೆ, ಲೈನರ್ ಗಂಟೆಯಂತೆ ನಡುಗುತ್ತದೆ. ಆ ನಡುಕಕ್ಕೆ ಕೂಲೆಂಟ್‌ನಲ್ಲಿ ಸಣ್ಣ ಆವಿಗುಳ್ಳೆಗಳು ಹುಟ್ಟಿ, ಮರುಕ್ಷಣ ಲೈನರ್‌ನ ಮೈಮೇಲೇ ಒಡೆಯುತ್ತವೆ. ಒಂದೊಂದು ಒಡೆತವೂ ಲೋಹದ ಒಂದು ಕಣವನ್ನು ಕೀಳುತ್ತದೆ. ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ, ಗುಳಿ ಆಳವಾಗುತ್ತದೆ, ಕೊನೆಗೆ ಲೈನರ್ ತೂತಾಗಿ ಕೂಲೆಂಟ್ ಒಳಗೆ ನುಗ್ಗುತ್ತದೆ. ಕೂಲೆಂಟ್‌ನಲ್ಲಿರುವ ರಾಸಾಯನಿಕಗಳು ಲೈನರ್‌ನ ಮೇಲೆ ತೆಳ್ಳನೆಯ ರಕ್ಷಣೆಯ ಪದರ ಕಟ್ಟಿ ಈ ಏಟನ್ನು ತಾವು ತಿನ್ನುತ್ತವೆ. ಕಾಲಕ್ರಮೇಣ ಅವು ಖರ್ಚಾಗುತ್ತವೆ. ಕೂಲೆಂಟ್‌ನ ಬಣ್ಣ ಹಾಗೇ ಇರುತ್ತದೆ, ಶಕ್ತಿ ಇರುವುದಿಲ್ಲ.

ಇದಕ್ಕೆ ಟೆಸ್ಟ್ ಸ್ಟ್ರಿಪ್ ಇದೆ. ಕೂಲೆಂಟ್‌ನಲ್ಲಿ ಅದ್ದಿದರೆ ಬಣ್ಣ ತಿರುಗಿ ಎಷ್ಟು ಶಕ್ತಿ ಉಳಿದಿದೆ ಎಂದು ತೋರಿಸುತ್ತದೆ. ಒಂದೆರಡು ನಿಮಿಷದ ಕೆಲಸ. ಗ್ಲೈಕಾಲ್ ಮತ್ತು ಶುದ್ಧ ನೀರು ಅರ್ಧರ್ಧ ಬೆರೆಸಿದ ಕೂಲೆಂಟ್ ಸುಮಾರು −37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ, ಬೇಗ ಕುದಿಯುವುದೂ ಇಲ್ಲ. ಗಡಸು ನೀರು ಬೆರೆಸಿದರೆ ಒಳಗೆಲ್ಲ ಸುಣ್ಣದ ಪದರ ಕಟ್ಟಿ ಬಿಸಿ ಹೊರಬರಲು ದಾರಿ ಇಲ್ಲದಂತಾಗುತ್ತದೆ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಬಾರದು. ಬಣ್ಣ ಒಂದೇ ಇದೆ ಎಂದು ಜಾತಿಯೂ ಒಂದೇ ಎಂದುಕೊಳ್ಳಬಾರದು, ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ರೇಡಿಯೇಟರ್‌ನ ಮುಚ್ಚಳವನ್ನೂ ಮರೆಯಬೇಡಿ. ಅದು ಒತ್ತಡ ಹಿಡಿದಿಡುವುದರಿಂದಲೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಿದ್ದಾಗ ಆ ಮುಚ್ಚಳ ತೆಗೆದರೆ ಅದೇ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ.

ಡೀಸೆಲ್ ಮತ್ತು ಗಾಳಿ

ಈಗಿನ ಕಾಮನ್ ರೈಲ್ ಎಂಜಿನ್‌ಗಳು (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥವು) ಡೀಸೆಲ್ ಅನ್ನು 2,000 ಬಾರ್ ಆಸುಪಾಸಿನ ಒತ್ತಡದಲ್ಲಿ ಚಿಮ್ಮಿಸುತ್ತವೆ. ಟೈರ್‌ನೊಳಗಿನ ಒತ್ತಡ ಎಂಟು ಬಾರ್ ಎಂದರೆ ಇದು ಅದರ 250 ಪಟ್ಟು. ಇಂಜೆಕ್ಟರ್‌ನ ಒಳಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ ಒಂದು ಕಣವೂ ಅಲ್ಲಿ ಗೀರು ಹಾಕಬಲ್ಲದು. ನೀರಿನ ಹನಿ ಹೋದರೆ ತುಕ್ಕು ಹಿಡಿಸುತ್ತದೆ, ಇಂಜೆಕ್ಟರ್‌ನ ತುದಿಯನ್ನೇ ಒಡೆಯಬಹುದು. ಅದಕ್ಕೇ ವಾಟರ್ ಸೆಪರೇಟರ್‌ನ ಬಟ್ಟಲನ್ನು ದಿನವೂ ನೋಡಿ, ನೀರಿದ್ದರೆ ಬಿಡಬೇಕು.

ಫಿಲ್ಟರ್ ಬದಲಾಯಿಸುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಬೇಗ ಸ್ಟಾರ್ಟ್ ಆಗಲಿ ಎಂದು ಹೊಸ ಫಿಲ್ಟರ್‌ಗೆ ಕ್ಯಾನ್‌ನಿಂದ ಡೀಸೆಲ್ ಸುರಿದು ಜೋಡಿಸುತ್ತಾರೆ. ನಡುವಿನ ತೂತಿನಿಂದ ಸುರಿದದ್ದು ಫಿಲ್ಟರ್‌ನ ಶುದ್ಧ ಕಡೆಗೇ ಬಿದ್ದಿರುತ್ತದೆ. ಅಂದರೆ ಸೋಸದ ಡೀಸೆಲ್ ನೇರ ಇಂಜೆಕ್ಟರ್‌ಗೆ. ಹ್ಯಾಂಡ್ ಪ್ರೈಮರ್ ಎಂಬ ಕೈಪಂಪು ಒತ್ತಿ ತುಂಬಿಸುವುದೇ ಸರಿ, ಕೈ ನೋಯುತ್ತದೆ ಅಷ್ಟೇ.

ಒಂದು ಲೀಟರ್ ಡೀಸೆಲ್ ಉರಿಯಲು ಎಂಜಿನ್ 10,000 ಲೀಟರ್‌ಗೂ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಏರ್ ಫಿಲ್ಟರ್‌ನ ಹೊರೆ ಎಷ್ಟು ಎಂದು ಇದರಿಂದ ಗೊತ್ತಾಗುತ್ತದೆ. ಆದರೂ ಈ ಫಿಲ್ಟರ್‌ಗೆ ನಿರ್ಲಕ್ಷ್ಯದಷ್ಟೇ ಅತಿ ಕಾಳಜಿಯೂ ಕೆಟ್ಟದ್ದು. ಕಾಗದದ ಮೇಲೆ ಕೂತ ತೆಳು ಧೂಳೇ ಮುಂದಿನ ಧೂಳನ್ನು ತಡೆಯುವುದರಿಂದ, ಸ್ವಲ್ಪ ಬಳಸಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ವಾರಕ್ಕೊಮ್ಮೆ ತೆಗೆದು ಕಂಪ್ರೆಸರ್ ಗಾಳಿ ಊದಿದರೆ ಕಾಗದ ಹರಿಯುತ್ತದೆ. ತೆಗೆದು ಹಾಕುವಾಗ ಒಂದಿಷ್ಟು ಧೂಳು ಒಳಗೂ ಬೀಳುತ್ತದೆ. ಫಿಲ್ಟರ್ ಎಷ್ಟು ಕಟ್ಟಿದೆ ಎಂದು ತೋರಿಸುವ ರೆಸ್ಟ್ರಿಕ್ಷನ್ ಗೇಜ್ ಕೆಂಪಿಗೆ ಬಂದಾಗ ಬದಲಾಯಿಸಿ, ಅಲ್ಲಿಯವರೆಗೆ ಮುಟ್ಟಬೇಡಿ. ಫಿಲ್ಟರ್‌ನಿಂದ ಟರ್ಬೊವರೆಗಿನ ಹೋಸ್ ಮತ್ತು ಕ್ಲಾಂಪ್‌ಗಳನ್ನು ಮಾತ್ರ ಆಗಾಗ ಕೈಯಾಡಿಸಿ ನೋಡಿ. ಅಲ್ಲಿ ಬಿರುಕಿದ್ದರೆ ಫಿಲ್ಟರ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಹೊಗೆಯ ಬಣ್ಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು ಹೊಗೆ ಎಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಎಂದರೆ ಡೀಸೆಲ್ ಉರಿಯದೆ ಬರುತ್ತಿದೆ ಅಥವಾ ಕೂಲೆಂಟ್ ಆವಿಯಾಗುತ್ತಿದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ.

ಹೊಗೆ ಶುದ್ಧ ಮಾಡುವ ವ್ಯವಸ್ಥೆ ಯಾರ ತಪ್ಪಿಗೆ ಬೈಸಿಕೊಳ್ಳುತ್ತದೆ?

ಹೊಸ ಲಾರಿಗಳಲ್ಲಿ ಸೈಲೆನ್ಸರ್ ಇದ್ದ ಜಾಗದಲ್ಲಿ ಈಗ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯೇ ಇದೆ. ಅದರ ಒಂದು ಭಾಗ ಡಿಪಿಎಫ್, ಮಸಿ ಹಿಡಿಯುವ ಫಿಲ್ಟರ್. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಹಾಕುತ್ತದೆ, ಇದಕ್ಕೆ ರೀಜನರೇಶನ್ ಎನ್ನುತ್ತಾರೆ. ಭಾರ ಹೊತ್ತು ಹೆದ್ದಾರಿಯಲ್ಲಿ ಓಡುವಾಗ ಹೊಗೆಯ ಬಿಸಿಗೇ ಮಸಿ ನಿಧಾನವಾಗಿ ಉರಿದುಹೋಗುತ್ತದೆ. ಅಷ್ಟು ಬಿಸಿ ಸಿಗದಿದ್ದರೆ ಎಂಜಿನ್ ಸ್ವಲ್ಪ ಡೀಸೆಲ್ ಹಾಕಿ ಫಿಲ್ಟರ್ ಅನ್ನು 550ರಿಂದ 600 ಡಿಗ್ರಿಯವರೆಗೆ ಕಾಯಿಸುತ್ತದೆ. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ. ಅದು ಉಳಿದು ತುಂಬುತ್ತಾ ಹೋಗುತ್ತದೆ, ಲಕ್ಷಗಟ್ಟಲೆ ಕಿಲೋಮೀಟರ್‌ಗೊಮ್ಮೆ ಫಿಲ್ಟರ್ ತೆಗೆದು ಯಂತ್ರದಲ್ಲಿ ಶುದ್ಧ ಮಾಡಿಸಬೇಕು. ಕಡಿಮೆ ಬೂದಿಯ ಆಯಿಲ್ ಹಾಕಿ ಎಂದು ಕೈಪಿಡಿ ಹೇಳುವುದು ಇದಕ್ಕೇ.

ಡಿಪಿಎಫ್ ಪದೇ ಪದೇ ತುಂಬುತ್ತಿದ್ದರೆ "ಇದೊಂದು ಪೀಡೆ" ಎಂದು ಅದನ್ನೇ ಬೈಯುತ್ತಾರೆ. ನನಗೆ ಇದು ಅನ್ಯಾಯ ಎನ್ನಿಸುತ್ತದೆ. ಮಸಿ ಹುಟ್ಟುವುದು ಡಿಪಿಎಫ್‌ನಲ್ಲಲ್ಲ. ಸೋರುವ ಇಂಜೆಕ್ಟರ್, ಟರ್ಬೊದ ಸವೆದ ಸೀಲ್, ಗಾಳಿ ಸೋರುವ ಹೋಸ್, ಸಿಕ್ಕಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್) ಇವು ಮಸಿ ಹೆಚ್ಚಿಸುತ್ತವೆ. ಮೊದಲಾದರೆ ಆ ಮಸಿ ಕಪ್ಪು ಹೊಗೆಯಾಗಿ ಎಲ್ಲರಿಗೂ ಕಾಣುತ್ತಿತ್ತು. ಈಗ ಡಿಪಿಎಫ್ ಅದನ್ನು ಹಿಡಿದಿಡುವುದರಿಂದ ಹೊಗೆ ಕಾಣುವುದಿಲ್ಲ. ಎರಡು ರೀಜನರೇಶನ್‌ಗಳ ನಡುವಿನ ಅಂತರ ಕಡಿಮೆಯಾಗುವುದೇ ಹೊಸ ಕಾಲದ ಕಪ್ಪು ಹೊಗೆ. ಆ ಅಂತರವನ್ನು ಬರೆದಿಟ್ಟುಕೊಂಡರೆ ಇಂಜೆಕ್ಟರ್ ಕೆಡುವುದನ್ನು ಮೊದಲೇ ಹಿಡಿಯಬಹುದು.

ಇನ್ನೊಂದು ಭಾಗ ಡಿಇಎಫ್ ಅಥವಾ ಆಡ್‌ಬ್ಲೂ ಎಂಬ ದ್ರವದಿಂದ ನಡೆಯುತ್ತದೆ. ಅದರಲ್ಲಿ 32.5 ಶೇಕಡಾ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಹೊಗೆಯ ಬಿಸಿಗೆ ಯೂರಿಯಾ ಅಮೋನಿಯಾ ಆಗಿ, ನೈಟ್ರೋಜನ್ ಆಕ್ಸೈಡ್‌ಗಳನ್ನು ಸಾದಾ ನೈಟ್ರೋಜನ್ ಮತ್ತು ನೀರಾಗಿ ಬದಲಿಸುತ್ತದೆ. ಈ ದ್ರವಕ್ಕೆ ನಲ್ಲಿ ನೀರು ಬೆರೆಸಿದರೆ ಅದರ ಖನಿಜಗಳು ಈ ಬದಲಾವಣೆ ನಡೆಸುವ ಕ್ಯಾಟಲಿಸ್ಟನ್ನು ಹಾಳುಮಾಡುತ್ತವೆ. ಡೀಸೆಲ್ ತಪ್ಪಿ ಈ ಟ್ಯಾಂಕ್‌ಗೆ ಬಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಸುತ್ತಮುತ್ತ ಬಿಳಿ ಹರಳು ಕಂಡರೆ ಎಲ್ಲೋ ಸೋರುತ್ತಿದೆ.

ಗ್ರೀಸ್ ಮತ್ತು ಬ್ಯಾಟರಿ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಗ್ರೀಸ್ ಹೊಡೆಯುವುದು ಹೊಸ ಗ್ರೀಸ್ ತುಂಬಲು ಮಾತ್ರವಲ್ಲ, ಹಳೆಯದನ್ನು ಅದರ ನೀರು ಮತ್ತು ಕೊಳೆಯ ಸಮೇತ ಹೊರಗೆ ತಳ್ಳಲು. ಎಂಜಿನ್‌ನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ನಲ್ಲಿ (ಕೂಡುವ ಕೀಲಿನಲ್ಲಿ) ನಾಲ್ಕೂ ಕಪ್‌ಗಳಿಂದ ಹೊಸ ಗ್ರೀಸ್ ಹೊರಬರಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದು ಒಣಗಿದೆ, ಶಾಫ್ಟ್ ಕಳಚುವುದು ಅದರಿಂದಲೇ. ಬ್ಯಾಟರಿಯ ವಿಷಯದಲ್ಲಿ, ಸ್ಟಾರ್ಟ್ ಆಗದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ಮತ್ತು ಅರ್ತ್ ಕೇಬಲ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ ನೋಡಿ.

ಕಿಲೋಮೀಟರ್ ಹೇಳದ ಲೆಕ್ಕ

ಸರ್ವಿಸ್ ಯಾವಾಗ ಎಂದು ಓಡೋಮೀಟರ್ ನೋಡಿ ಹೇಳುವುದು ರೂಢಿ. ಆದರೆ ಎಂಜಿನ್‌ಗೆ ಗೊತ್ತಿರುವುದು ತಾನು ಎಷ್ಟು ಡೀಸೆಲ್ ಉರಿಸಿದೆ ಎನ್ನುವುದು ಮಾತ್ರ. ಒಂದು ಉದಾಹರಣೆ ಲೆಕ್ಕ ಮಾಡೋಣ. ದೊಡ್ಡ ಎಂಜಿನ್ ಐಡ್ಲಿಂಗ್‌ನಲ್ಲಿ ಗಂಟೆಗೆ ಸುಮಾರು 3 ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ಕ್ಯಾಬಿನ್ ತಂಪಾಗಿಯೋ ಬೆಚ್ಚಗೋ ಇರಲಿ ಎಂದು ವರ್ಷದಲ್ಲಿ 250 ರಾತ್ರಿ, ರಾತ್ರಿಗೆ 8 ಗಂಟೆ ಎಂಜಿನ್ ಓಡಿಸಿದರೆ 2,000 ಗಂಟೆ, 6,000 ಲೀಟರ್. ಲೀಟರ್‌ಗೆ 3 ಕಿಲೋಮೀಟರ್ ಓಡುವ ಲಾರಿಗೆ ಇದು 18,000 ಕಿಲೋಮೀಟರ್‌ಗೆ ಸಮ. ಓಡೋಮೀಟರ್ ಒಂದು ಅಂಕಿಯೂ ಮೇಲೇರಿಲ್ಲ! ಜೊತೆಗೆ ಐಡ್ಲಿಂಗ್‌ನಲ್ಲಿ ಎಂಜಿನ್ ಪೂರ್ತಿ ಕಾಯದೆ ಮಸಿ ಜಾಸ್ತಿಯಾಗುತ್ತದೆ, ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಹಾಗಾಗಿ ಮಟ್ಟಸ ಹೆದ್ದಾರಿಯ ಲಾರಿಗೂ, ಬೆಟ್ಟ ಹತ್ತುತ್ತಾ ರಾತ್ರಿಯಿಡೀ ಐಡ್ಲಿಂಗ್‌ನಲ್ಲಿರುವ ಲಾರಿಗೂ ಒಂದೇ ಕಿಲೋಮೀಟರ್ ಅವಧಿ ಇಡುವುದು ಸರಿಯಲ್ಲ. ಕಿಲೋಮೀಟರ್, ಎಂಜಿನ್ ಗಂಟೆ, ಉರಿದ ಡೀಸೆಲ್ ಮೂರನ್ನೂ ಬರೆದಿಡಿ. ಯಾವುದು ಮೊದಲು ಮಿತಿ ಮುಟ್ಟುತ್ತದೋ ಅದಕ್ಕೆ ಸರ್ವಿಸ್ ಮಾಡಿಸಿ. ಮಿತಿ ಎಷ್ಟು ಎನ್ನುವುದಕ್ಕೆ ನಿಮ್ಮ ಎಂಜಿನ್‌ನ ಕೈಪಿಡಿಯೇ ಆಧಾರ.

ಬರೆದಿಡುವ ವಿಷಯ ಬಂತು, ಅದನ್ನೇ ಕೊನೆಯದಾಗಿ ಹೇಳುತ್ತೇನೆ. ನೋಟಿಸ್ ಮೊದಲು ತಲುಪುವುದು ಡ್ರೈವರ್‌ಗೆ. ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿದೆ, ಏರಿನಲ್ಲಿ ಪಿಕಪ್ ಕಡಿಮೆಯಾಗಿದೆ, ಎಡ ಹಿಂದಿನ ಹಬ್ ಬಿಸಿ ಇದೆ ಎನ್ನುವುದು ಮೆಕ್ಯಾನಿಕ್‌ಗೆ ಗ್ಯಾರೇಜಿನಲ್ಲಿ ಕಾಣುವುದಿಲ್ಲ. ಡ್ರೈವರ್ ಅದನ್ನು ಚೀಟಿಯಲ್ಲಿ ಬರೆದುಕೊಟ್ಟರೆ, ಅದರ ಕೆಳಗೆ ಏನು ನೋಡಿದೆ, ಏನು ಬದಲಾಯಿಸಿದೆ ಎಂದು ಮೆಕ್ಯಾನಿಕ್ ಬರೆಯಬೇಕು. ಏನೂ ಸಿಗದಿದ್ದರೆ "ನೋಡಿದೆ, ಏನೂ ಸಿಗಲಿಲ್ಲ" ಎಂದಾದರೂ ಬರೆಯಬೇಕು. ಆ ಚೀಟಿ ಡ್ರೈವರ್ ಕೈಗೆ ವಾಪಸ್ ಬರಬೇಕು. ಎರಡು ಸಲ ಬರೆದುಕೊಟ್ಟು ಉತ್ತರ ಬರದಿದ್ದರೆ ಮೂರನೇ ಸಲ ಯಾರೂ ಬರೆಯುವುದಿಲ್ಲ. ಆ ಮೂರನೆಯದರಲ್ಲೇ ಹಬ್‌ನ ಒಳಮಗ್ಗುಲಿನ ಕಪ್ಪು ಗೆರೆಯ ಸುದ್ದಿ ಇದ್ದಿರಬಹುದು.